ಕಾರಿನಡಿಯಿಂದ ಕೇಳಿದ ಮೂರು ಏಟು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬಿದವನಲ್ಲ. ಎದುರಿಗೆ ನಗದಿದ್ದರೂ ಮನಸ್ಸಿನಲ್ಲೇ ನಕ್ಕಿದ್ದೇನೆ. ಕೆಜಿಎಫ್‌ನಲ್ಲಿ ಕೆಲಸ ಮಾಡುವವನಿಗೆ ಇಂಥ ಕಥೆಗಳಿಗೇನೂ ಕೊರತೆಯಿಲ್ಲ. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಪಾಳಿ ಬದಲಾಗುವ ಹೊತ್ತಿಗೆ ಕೋರಮಂಡಲ್ ಬಡಾವಣೆಯ ಕಡೆ ಬೂಟುಗಾಲಿನ ಸದ್ದು ಕೇಳುತ್ತದೆ ಎಂದು ಆಣೆ ಮಾಡಿ ಹೇಳುವವರು ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲೇ ಇದ್ದರು. ಅವರು ಹೇಳುವಾಗ ನಾನು ಟೀ ಕುಡಿಯುತ್ತಾ ಕೇಳಿಸಿಕೊಂಡು, ಲೋಟ ಇಟ್ಟು ಎದ್ದು ಹೋಗುತ್ತಿದ್ದೆ. ನನ್ನದು ದೊಡ್ಡ ಯಂತ್ರಗಳ ರಿಪೇರಿಯ ಕೆಲಸ. ಯಂತ್ರದಲ್ಲಿ ಸದ್ದು ಬಂದರೆ ಅದಕ್ಕೆ ಕಾರಣ ಇದ್ದೇ ಇರುತ್ತದೆ, ಆ ಕಾರಣ ಹುಡುಕುವುದಕ್ಕೇ ನನಗೆ ಸಂಬಳ. ಕಾರಣ ಸಿಗಲಿಲ್ಲ ಎಂದರೆ ನಾನು ಸರಿಯಾಗಿ ಹುಡುಕಿಲ್ಲ ಎಂದು ತಿಳಿದುಕೊಂಡಿದ್ದವನು ನಾನು.

ಈಗ ಬರೆಯುತ್ತಿರುವ ಸದ್ದಿಗೆ ನನಗೆ ಇನ್ನೂ ಕಾರಣ ಸಿಕ್ಕಿಲ್ಲ. ಕೆಲವು ವರ್ಷಗಳ ಹಿಂದೆ, ಕೊರೊನಾ ಕಾಟ ಮುಗಿದ ಮೇಲಿನ ಒಂದು ಬೇಸಿಗೆಯಲ್ಲಿ, ಭಾನುವಾರ ಹಾಡಹಗಲಲ್ಲೇ ನಡೆದದ್ದು ಇದು. ಆವತ್ತು ನನ್ನ ಗೆಳೆಯ ದುರೈ ಸಾಯುವುದರಲ್ಲಿದ್ದ. ಸಾಯಲಿಲ್ಲ. ಏಕೆ ಸಾಯಲಿಲ್ಲ ಎಂದು ಈಗಲೂ ಯೋಚಿಸುತ್ತೇನೆ. ನಾನು ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಹೇಳುತ್ತೇನೆ. ನೆನಪು ಮಸುಕಾದ ಕಡೆ ಮಸುಕು ಎಂದೇ ಹೇಳುತ್ತೇನೆ.

ನನಗೂ ದುರೈಗೂ ಹಳೆಯ ಕಾರುಗಳ ಹುಚ್ಚು. ನನ್ನ ಹತ್ತಿರ ಸೋದರಮಾವನಿಂದ ಬಂದ ಒಂದು ಅಂಬಾಸಿಡರ್ ಇದೆ, ಅವನ ಹತ್ತಿರ ಒಂದು ಪದ್ಮಿನಿ. ಬಂಗಾರಪೇಟೆಯ ಹೊರಗಿರುವ ನಮ್ಮ ಮನೆಯಲ್ಲಿ ದನದ ಕೊಟ್ಟಿಗೆಯ ಅರ್ಧ ಭಾಗವನ್ನು ತೆರವು ಮಾಡಿಸಿ, ನೆಲಕ್ಕೆ ಸಿಮೆಂಟು ಹಾಕಿಸಿ, ಕಾರಿಗೊಂದು ಶೆಡ್ ಮಾಡಿಕೊಂಡಿದ್ದೇನೆ. ಇನ್ನರ್ಧದಲ್ಲಿ ನನ್ನ ಹೆಂಡತಿ ಸರೋಜಳ ಸೀಮೆಹಸುಗಳು. ನಡುವೆ ಎದೆಯೆತ್ತರದ ಗೋಡೆ. ನಾನು ಕಾರ್ಬುರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯುತ್ತಿದ್ದರೆ ಹಸುಗಳು ಗೋಡೆಯ ಮೇಲಿಂದ ಕತ್ತು ಚಾಚಿ ನೋಡುತ್ತವೆ. "ಆಲಲ್ಲಿ ಪೆಟ್ರೋಲ್ ವಾಸ್ನೆ ಅಂತ ಡೈರೀಲಿ ಒಂದ್ ಮಾತ್ ಏಳ್ಲಿ, ಅವತ್ತೇ ನಿಮ್ ಕಾರ್ನ ಗುಜರಿಗಾಕ್ತೀನಿ" ಎಂದು ಸರೋಜ ಗದರುತ್ತಾಳೆ. ಇದುವರೆಗೆ ಹಾಕಿಲ್ಲ.

ಹಳೆಯ ಕಾರನ್ನು ಓಡಿಸದಿದ್ದರೂ ವಾರಕ್ಕೊಮ್ಮೆಯಾದರೂ ಅದರ ಮೈ ಮುಟ್ಟಬೇಕು. ಇಲ್ಲದಿದ್ದರೆ ಬ್ರೇಕಿನ ರಬ್ಬರು ಒಣಗುತ್ತದೆ, ಟ್ಯಾಂಕಿನ ತಳದಲ್ಲಿ ತುಕ್ಕು ಕೂರುತ್ತದೆ, ಗ್ರೀಸು ಕಾಣದ ಸ್ಟಿಯರಿಂಗ್ ಕಲ್ಲಿನಂತಾಗುತ್ತದೆ. ಅರ್ಧಕ್ಕರ್ಧ ಕೆಲಸ ಕಾರಿನ ಕೆಳಗೆ ಅಂಗಾತ ಮಲಗಿ ಮಾಡುವಂಥದ್ದು. ಅದಕ್ಕೇ ಇಬ್ಬರಿರಬೇಕು. ದುರೈ ನಮ್ಮ ಕಾರ್ಖಾನೆಯಲ್ಲೇ ವೆಲ್ಡರ್. ಚಾಂಪಿಯನ್ ರೀಫ್ಸ್‌ನ ಗಣಿಯವರಿಗೆ ಸಾಲಾಗಿ ಕಟ್ಟಿಸಿದ್ದ ಹಳೇ ಲೈನುಮನೆಯೊಂದರಲ್ಲಿ ಅವನೂ ಅವನ ಹೆಂಡತಿ ಸೆಲ್ವಿಯೂ ಇರುತ್ತಾರೆ, ಮನೆಯ ಹಿಂದೆ ತಗಡಿನ ಶೆಡ್ ಇದೆ. ಒಂದು ಭಾನುವಾರ ನಮ್ಮಲ್ಲಿ, ಒಂದು ಭಾನುವಾರ ಅವನಲ್ಲಿ, ಹೀಗೆ ನಾವು ಕೆಲಸ ಹಂಚಿಕೊಂಡಿದ್ದೆವು. ನಾನು ಹೊಲ ಮನೆ ಇರುವವನಾದ್ದರಿಂದ ಅವನಿಗೆ ಯಾವಾಗಲೂ ಗೌಡ್ರು.

ಕಾರಿನಡಿಗೆ ಹೋಗುವುದಕ್ಕೆ ನಮ್ಮಲ್ಲೊಂದು ಪದ್ಧತಿ ಇತ್ತು. ಅದನ್ನು ತಂದವನು ದುರೈ. ಅವನ ಅಪ್ಪ ಗಣಿಯಲ್ಲಿ ಆಳುಗಳನ್ನು ಕೆಳಗಿಳಿಸಿ ಮೇಲೆತ್ತುವ ಪಂಜರದ ಎಂಜಿನ್ ನಡೆಸುತ್ತಿದ್ದವರು. ಎಂಜಿನ್ ಮನೆಯಲ್ಲಿ ಕೂತವರಿಗೆ ಪಂಜರದಲ್ಲಿ ಯಾರಿದ್ದಾರೆ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಗಂಟೆಯ ಏಟುಗಳೇ ಮಾತು. ಮೂರು ಏಟು ಬಂದರೆ ಪಂಜರದಲ್ಲಿ ಮನುಷ್ಯರಿದ್ದಾರೆ ಎಂದರ್ಥ. ಎಂಜಿನ್ ಮನೆಯಿಂದ ಅದೇ ಮೂರು ಏಟು ಉತ್ತರವಾಗಿ ಹೋದ ಮೇಲೆಯೇ ಮುಂದಿನ ಕೆಲಸ. ದುರೈ ಇದನ್ನು ಕಾರಿಗೆ ತಂದಿದ್ದ. ಕೆಳಗೆ ಹೋಗುವವನು ಕಾರಿನ ತಳದ ಚೌಕಟ್ಟಿಗೆ, ಅಂದರೆ ಚಾಸಿಗೆ, ಸ್ಪ್ಯಾನರಿನಿಂದ ಮೂರು ಏಟು ತಟ್ಟಬೇಕು. ಹೊರಗಿರುವವನು ಎಲ್ಲಿದ್ದರೂ ಬಂದು ಮಡ್ಗಾರ್ಡಿಗೆ ಮೂರು ಏಟು ತಟ್ಟಬೇಕು. ನೀನು ಕೆಳಗಿರುವುದು ನನಗೆ ಗೊತ್ತು, ನಾನು ಇಲ್ಲೇ ಇದ್ದೇನೆ ಎಂದು ಅದರ ಅರ್ಥ. ಕೆಳಗಿನವನು ಹೊರಬಂದು ಒಂದೇ ಒಂದು ಏಟು ತಟ್ಟುವವರೆಗೆ ಜಾಕ್ ಮುಟ್ಟುವಂತಿಲ್ಲ, ಬಾಗಿಲು ತೆರೆಯುವಂತಿಲ್ಲ.

ಮೊದಮೊದಲು ನನಗೆ ಇದು ಮಕ್ಕಳಾಟದಂತೆ ಕಂಡಿತ್ತು. "ನಗ್ರೀ ಗೌಡ್ರೇ, ಚೆನ್ನಾಗ್ ನಗ್ರೀ" ಎಂದಿದ್ದ ಅವನು. "ನೀವು ಕೆಳಗಿದ್ದಾಗ ನಿಮ್ಮ ಹೆಂಡ್ರು ಬಂದು ಡೋರ್ ಎಳುದ್ರೆ, ಆಮೇಲೆ ನಗೋಕೆ ನೀವ್ ಇರಲ್ಲ." ವರ್ಷಗಟ್ಟಲೆ ಮಾಡಿ ಮಾಡಿ ಅದು ನಮ್ಮ ಕೈಗೆ ಅಂಟಿಹೋಯಿತು. ಒಬ್ಬೊಬ್ಬರ ತಟ್ಟೂ ಒಂದೊಂದು ಥರ. ದುರೈ ಟಕಟಕನೆ ಅವಸರದಲ್ಲಿ ತಟ್ಟುತ್ತಾನೆ. ನನ್ನ ಬಲ ಮಣಿಕಟ್ಟಿಗೆ ಹಿಂದೊಮ್ಮೆ ಪೆಟ್ಟಾಗಿದೆ, ಅದಕ್ಕೆ ನನ್ನ ಮೂರನೆಯ ಏಟು ಕೊಂಚ ತಡವಾಗಿ ಬೀಳುತ್ತದೆ. ಅದನ್ನು ಆಡಿಕೊಂಡು ದುರೈ ನಗುತ್ತಿದ್ದ.

ಇನ್ನೊಂದು ವಿಷಯದಲ್ಲಿ ನಮಗಿಬ್ಬರಿಗೂ ಹೊಂದುತ್ತಿರಲಿಲ್ಲ. ಜಾಕ್‌ನಿಂದ ಎತ್ತಿದ ಕಾರಿಗೆ ನಾನು ಕಬ್ಬಿಣದ ಸ್ಟ್ಯಾಂಡ್ ಕೊಡುತ್ತಿದ್ದೆ. ಅವನು ಗಣಿಯ ಕಾಲದ ಮರದ ದಿಮ್ಮಿಗಳನ್ನು ಕೊಡುತ್ತಿದ್ದ. ಚಾಂಪಿಯನ್ ರೀಫ್ಸ್‌ನ ಎಷ್ಟೋ ಮನೆಗಳ ಹಿತ್ತಲಲ್ಲಿ ಅಂಥ ದಿಮ್ಮಿಗಳು ಇನ್ನೂ ಬಿದ್ದಿವೆ. ಸುರಂಗದ ಮಾಡಿಗೆ ಆನಿಸಿ ನಿಲ್ಲಿಸುತ್ತಿದ್ದಂಥವು. ಗಣಿಯವರಿಗೆ ಕಬ್ಬಿಣಕ್ಕಿಂತ ಮರದ ಮೇಲೆ ನಂಬಿಕೆ ಜಾಸ್ತಿ. ಭಾರ ಹೆಚ್ಚಾದರೆ ಮರ ಮೊದಲು ಕಿರುಗುಟ್ಟುತ್ತದೆ, ಕೆಳಗಿದ್ದವನಿಗೆ ಓಡಲು ಸಮಯ ಸಿಗುತ್ತದೆ ಎಂದು ದುರೈಯ ಅಪ್ಪ ಹೇಳುತ್ತಿದ್ದರಂತೆ. ಅದು ಹಸಿಯಾಗಿದ್ದಾಗಿನ ಮಾತು, ಈ ಮರ ನಿನಗಿಂತ ಹಳೇದು ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಅವನು ದಿಮ್ಮಿಯನ್ನು ಗುದ್ದಿ ತೋರಿಸಿ, "ಕೇಳಿ, ಗಂಟೆ ಥರ ಇದೆ" ಎನ್ನುತ್ತಿದ್ದ.

ಆ ಭಾನುವಾರ ನಾನು ಅವನ ಮನೆಗೆ ಹೋಗಬೇಕಿತ್ತು. ಪದ್ಮಿನಿಯ ಸೈಲೆನ್ಸರ್ ಇಳಿಸುವ ಕೆಲಸವಿತ್ತು. ಆದರೆ ಬೆಳಗ್ಗೆಯೇ ನಮ್ಮ ಒಂದು ಹಸು ಮೇವು ಬಿಟ್ಟು ನಿಂತಿತ್ತು, ಕರು ಹಾಕುವ ದಿನ. ಫೋನು ಮಾಡಿ ಹೇಳಿದೆ. "ಒಬ್ನೇ ಕೆಳಗೋಗ್ಬೇಡ ಕಣ್ಲಾ, ಸಾಯಂಕಾಲ ಬತ್ತೀನಿ" ಎಂದೆ.

"ಸರಿ ಡಾಕ್ಟ್ರೇ, ನೀವು ಮೊದ್ಲು ಹೆರಿಗೆ ಮಾಡ್ಸಿ" ಎಂದು ನಕ್ಕು ಫೋನಿಟ್ಟ.

ನಾನು ಶೆಡ್ಡಿನಲ್ಲೇ ಉಳಿದೆ. ಅಂಬಾಸಿಡರಿನ ಮುಂಭಾಗ ಹಿಂದಿನ ವಾರದಿಂದಲೇ ಸ್ಟ್ಯಾಂಡುಗಳ ಮೇಲಿತ್ತು. ಬ್ರೇಕಿನ ಕೆಲಸ ಮುಗಿಸಿ ಎರಡೂ ಚಕ್ರ ಹಾಕಿ ನಟ್ಟು ಬಿಗಿದೆ. ಊಟ ಮಾಡಿ ಬಂದು, ಕಾರು ಇಳಿಸಿಬಿಡೋಣ ಎಂದು ಜಾಕ್ ಅನ್ನು ಮುಂದಿನಿಂದ ಒಳಗೆ ತಳ್ಳಿದೆ. ಸರೋಜ ಮನೆಯ ಹಿಂದೆ ಹುಲ್ಲು ಕತ್ತರಿಸುತ್ತಿದ್ದಳು. ಆ ಹೊತ್ತಿನಲ್ಲಿ ಹತ್ತಿರದ ಹಳಿಯ ಮೇಲೆ ರೈಲು ಯಾವುದೂ ಹೋಗುತ್ತಿರಲಿಲ್ಲ, ಇದು ನನಗೆ ಖಚಿತ, ಏಕೆಂದರೆ ರೈಲು ಹೋದರೆ ನಮ್ಮ ಶೆಡ್ಡಿನ ತಗಡು ಗಡಗಡ ಅನ್ನುತ್ತದೆ. ನಾನು ಎಡಗೈಯನ್ನು ಬಂಪರಿನ ಮೇಲೂರಿ, ಬಲಗೈಯಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದೆ.

ಆಗ ಕಾರಿನ ಕೆಳಗಿನಿಂದ ಮೂರು ಏಟು ಕೇಳಿಸಿತು.

ಕೇಳಿಸಿತು ಎನ್ನುವುದಕ್ಕಿಂತ, ಬಂಪರಿನ ಮೇಲಿದ್ದ ನನ್ನ ಎಡಗೈಗೆ ತಾಗಿತು. ಕಬ್ಬಿಣಕ್ಕೆ ಕಬ್ಬಿಣ ಬಡಿದ ಏಟು. ನಿಧಾನವಾದದ್ದು, ಭಾರವಾದದ್ದು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಸಮನಾದ ಬಿಡುವು. ನಾನು ಏನನ್ನೂ ಯೋಚಿಸಲಿಲ್ಲ. ನನ್ನ ಬಲಗೈ ತಾನಾಗಿ ಎದ್ದು ಮಡ್ಗಾರ್ಡಿಗೆ ಮೂರು ಏಟು ತಟ್ಟಿತು. ತಟ್ಟಿ ಕೈ ಇಳಿಸಿದ ಮೇಲಷ್ಟೇ, ಕೆಳಗೆ ಯಾರೂ ಇಲ್ಲ ಎಂಬುದು ನನ್ನ ತಲೆಗೆ ಬಂದದ್ದು.

ಮಂಡಿಯೂರಿ ಬಗ್ಗಿ ನೋಡಿದೆ. ಸಿಮೆಂಟು ನೆಲ, ಆಯಿಲ್ ನೆಲಕ್ಕೆ ತೊಟ್ಟಿಕ್ಕದಿರಲೆಂದು ಹಾಸಿದ್ದ ರಟ್ಟು, ಜಾಕ್, ಎರಡು ಸ್ಟ್ಯಾಂಡು. ಆಚೆ ಬದಿಯ ಬಿಸಿಲು ನೇರವಾಗಿ ಕಾಣುತ್ತಿತ್ತು. ಬೆಕ್ಕಿರಲಿಲ್ಲ, ಇಲಿಯಿರಲಿಲ್ಲ. ಎಂಜಿನ್ ವಾರದಿಂದ ಚಾಲೂ ಆಗಿರಲಿಲ್ಲ, ಆದ್ದರಿಂದ ಬಿಸಿ ಕಬ್ಬಿಣ ತಣ್ಣಗಾಗುವ ಸದ್ದೂ ಅಲ್ಲ. ನಾನು ಹಾಗೆ ಕೆನ್ನೆಯನ್ನು ನೆಲಕ್ಕೆ ತಾಗಿಸಿ ನೋಡುತ್ತಿದ್ದಾಗಲೇ ಮತ್ತೆ ಮೂರು ಏಟು ಬಿದ್ದವು. ನನ್ನ ಕಣ್ಣೆದುರಿಗೇ. ಖಾಲಿ ಜಾಗದಲ್ಲಿ. ಪ್ರತಿ ಏಟಿಗೂ ಚಾಸಿಗೆ ಅಂಟಿದ್ದ ಒಣ ಮಣ್ಣು ಒಂದೇ ಕಡೆಯಿಂದ ಪುಡಿಪುಡಿಯಾಗಿ ರಟ್ಟಿನ ಮೇಲೆ ಉದುರಿತು.

ಆ ಮಣ್ಣು ಉದುರದೆ ಹೋಗಿದ್ದರೆ ನನ್ನ ಕಿವಿಯ ದೋಷ ಎಂದು ನೀವು ಹೇಳಬಹುದಿತ್ತು. ನಾನೂ ಹಾಗೇ ಹೇಳಿಕೊಂಡು ಸಮಾಧಾನ ಮಾಡಿಕೊಳ್ಳಬಹುದಿತ್ತು.

ಎದ್ದು ನಿಂತೆ. ಗೋಡೆಯಾಚೆ ನೋಡಿದೆ. ತಟ್ಟೆ ಬಿದ್ದರೂ ಬೆದರುವ ಹಸುಗಳು ಅವು. ಎರಡೂ ತಮ್ಮ ಪಾಡಿಗೆ ಇದ್ದವು, ಒಂದು ಮೆಲುಕು ಹಾಕುತ್ತಿತ್ತು, ಕರು ಹಾಕಬೇಕಾದದ್ದು ತನ್ನ ನೋವಿನಲ್ಲಿ ತಾನಿತ್ತು. ಒಂದೂ ಕಿವಿ ತಿರುಗಿಸಿರಲಿಲ್ಲ. ಇದು ನನ್ನನ್ನು ಇನ್ನಷ್ಟು ಹೆದರಿಸಿತು. ಎರಡನೆಯ ಸಲದ ಏಟುಗಳಿಗೆ ನಾನು ಉತ್ತರ ಕೊಡಲಿಲ್ಲ, ಕೈ ಏಳಲಿಲ್ಲ. ಹಾಗೆಯೇ ಜಾಕ್ ಮುಟ್ಟುವುದಕ್ಕೂ ಆಗಲಿಲ್ಲ. ಕೆಳಗೆ ಯಾರೂ ಇಲ್ಲ ಎಂದು ಕಣ್ಣಾರೆ ಕಂಡಿದ್ದರೂ, ಮೂರು ಏಟು ಬಿದ್ದ ಕಾರನ್ನು ಇಳಿಸುವುದಕ್ಕೆ ನನ್ನಿಂದ ಸಾಧ್ಯವಾಗಲಿಲ್ಲ.

ಆಗ ದುರೈಗೆ ಫೋನು ಮಾಡಿದೆ. ನಿಜ ಹೇಳಬೇಕೆಂದರೆ ಅವನಿಗೆ ಏನಾದರೂ ಆಗಿರಬಹುದು ಎಂದೇನೂ ಅನ್ನಿಸಿರಲಿಲ್ಲ. ನಿನ್ನ ಗಣಿ ದೆವ್ವ ನಮ್ಮ ಕೊಟ್ಟಿಗೆಗೂ ಬಂದಿದೆ ಎಂದು ತಮಾಷೆ ಮಾಡಿ, ಅವನು ನಕ್ಕರೆ ನನ್ನ ಎದೆಬಡಿತ ಸರಿಹೋಗುತ್ತದೆ ಎಂದುಕೊಂಡೆ. ಫೋನು ಹೊಡೆದುಕೊಂಡು ನಿಂತುಹೋಯಿತು. ಮತ್ತೆ ಮಾಡಿದೆ. ಕಾರಿನ ಕೆಳಗೆ ಮಲಗಿದ್ದರೂ ಫೋನೆತ್ತಿ ಬಯ್ಯುವವನು ಅವನು. ಸೆಲ್ವಿಗೆ ಮಾಡಿದೆ. "ನಾನ್ ಆಂಡರ್ಸನ್‌ಪೇಟೆಗೆ ಅಕ್ಕನ ಮನೆಗೆ ಬಂದಿದೀನಣ್ಣಾ, ಅವ್ರು ಮನೇಲೇ ಇದಾರೆ, ಶೆಡ್ಡಲ್ಲಿ" ಎಂದಳು. ಶೆಡ್ಡಲ್ಲಿ ಎಂಬ ಆ ಮಾತು ಕಿವಿಗೆ ಬಿದ್ದದ್ದೇ, ಬೈಕಿನ ಕೀಲಿ ತೆಗೆದುಕೊಂಡೆ.

ಬೈಕು ತಳ್ಳಿಕೊಂಡು ಹೊರಬರುವಾಗ ಸರೋಜ ಹುಲ್ಲಿನ ಹೊರೆಯೊಂದಿಗೆ ಎದುರಾದಳು.

"ಈಗೆಲ್ಗೆ ಒಂಟ್ರಿ? ಅಸು ಒದ್ದಾಡ್ತಾ ಅದೆ, ಕಾಣಾಕಿಲ್ವಾ?"

"ದುರೈ ಫೋನ್ ಎತ್ತುತಾ ಇಲ್ಲ. ಓಗ್ ನೋಡ್ಕಂಡ್ ಬತ್ತೀನಿ."

"ಫೋನ್ ಎತ್ತಿಲ್ಲ ಅಂತ ಕೆಜಿಎಫ್ ತಂಕ ಓಗ್ತಾರಾ ಯಾರಾದ್ರೂ? ಆ ಕಾರು, ಆ ದುರೈ, ಇಬ್ರುನ್ನೂ ಕಟ್ಕೊಂಡು ಸಂಸಾರ ಮಾಡ್ರಿ!" ಎಂದವಳು ನನ್ನ ಮುಖ ನೋಡಿ ಹೊರೆ ಇಳಿಸಿದಳು. "ಏನಾಯ್ತ್ರೀ?" ಎಂದಳು. ನಾನು ಬೈಕಿಗೆ ಕಿಕ್ ಹೊಡೆದೆ.

ದಾರಿಯ ನೆನಪು ನನಗೆ ಅಷ್ಟಾಗಿ ಇಲ್ಲ. ಊರಿಗಾಂ ದಾಟುವಾಗ ಒಂದು ಲಾರಿಯವನು ಬಯ್ದದ್ದು, ಗಣಿಯ ಪುಡಿಮಣ್ಣು ಸುರಿದ ಸೈನೈಡ್ ಗುಡ್ಡದ ಬಿಳಿ ಧೂಳು ಕಣ್ಣಿಗೆ ಹೊಡೆದದ್ದು ನೆನಪಿದೆ. ದುರೈಯ ಮನೆ ಬಾಗಿಲು ಬರೇ ಮುಂದೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಕೂಗುತ್ತಾ ಒಳಗಿಂದ ಹಾದು ಹಿತ್ತಲಿಗೆ ಬಂದೆ.

ಪದ್ಮಿನಿ ಒಂದು ಕಡೆಗೆ ವಾಲಿ ಕೂತಿತ್ತು. ಅದರಡಿಯಿಂದ ಅವನ ಎರಡು ಕಾಲು ಹೊರಗೆ ಚಾಚಿದ್ದವು. ಒಂದರಲ್ಲಿ ಚಪ್ಪಲಿ ಇರಲಿಲ್ಲ. ದಿಮ್ಮಿ ಉದ್ದಕ್ಕೆ ಸೀಳಿ ಎರಡಾಗಿ ಬಿದ್ದಿತ್ತು, ಅದರ ಒಳಗೆಲ್ಲ ಗೆದ್ದಲು ತಿಂದ ಪುಡಿ. ಹೊರಗಿನ ಸಿಪ್ಪೆ ಮಾತ್ರ ಗಟ್ಟಿಯಾಗಿತ್ತು. ಬಿಚ್ಚಿದ ಚಕ್ರವನ್ನು ಅವನು ಕಾರಿನಡಿಗೆ ಮಲಗಿಸಿಟ್ಟಿದ್ದ, ಕಾರಿನ ಭಾರದಲ್ಲಿ ಹೆಚ್ಚಿನದು ಅದರ ಮೇಲೆ ನಿಂತಿತ್ತು. ಅದಿಲ್ಲದಿದ್ದರೆ ಬರೆಯಲು ಏನೂ ಉಳಿಯುತ್ತಿರಲಿಲ್ಲ. ಉಳಿದ ಭಾರ ಅವನ ಎದೆಯ ಮೇಲಿತ್ತು. "ದುರೈ" ಎಂದು ಕಿರುಚಿದೆ. ಚಪ್ಪಲಿಯಿಲ್ಲದ ಕಾಲಿನ ಹೆಬ್ಬೆರಳು ಅಲುಗಿತು.

ಲೈನಿನ ಬೀದಿಗೆ ಓಡಿ ಕೂಗಿದೆ. ಲುಂಗಿ ಎತ್ತಿ ಕಟ್ಟಿಕೊಂಡು ಗಂಡಸರು ಓಡಿಬಂದರು, ಊಟದ ಕೈಯಲ್ಲೇ ಬಂದವರೂ ಇದ್ದರು. "ಜಾಕ್ ಬೇಡಪ್ಪಾ, ಜಾರ್ತದೆ, ಕೈಯಲ್ಲೇ ಎತ್ತೋಣ" ಎಂದು ಮುದುಕರೊಬ್ಬರು ಹೇಳಿದರು. "ತೂಕ್ಕು! ತೂಕ್ಕು!" ಎಂದು ಎಲ್ಲರೂ ತಮಿಳಿನಲ್ಲಿ ಒಟ್ಟಿಗೆ ಕೂಗಿ ಕಾರಿನ ಬದಿಯನ್ನು ಎತ್ತಿಹಿಡಿದರು. "ಎಳೀರಿ ಗೌಡ್ರೇ, ನೋಡ್ತಾ ನಿಂತ್ರೆ ಎಂಗೆ, ಎಳೀರಿ!" ನಾನು ಅವನ ಸೊಂಟಕ್ಕೆ ಕೈಹಾಕಿ ಎಳೆದೆ.

ಅವನ ತುಟಿ ನೀಲಿಯಾಗಿತ್ತು. ಉಸಿರು ಸ್ವಲ್ಪ ಸ್ವಲ್ಪವೇ ಒಳಗೆ ಹೋಗಿ ಬರುತ್ತಿತ್ತು. ಯಾರೋ ನೀರು ತಂದರು, ಯಾರೋ ಬೇಡ ಎಂದರು. ಆಟೋಗೆ ಹೇಳಲು ಒಬ್ಬರು ಓಡಿದರು. ಆಗ ಅವನು ಕಣ್ಣು ಬಿಟ್ಟು ನನ್ನನ್ನು ಗುರುತಿಸಿದ. ಬಯ್ಯುವ ದನಿಯಲ್ಲೇ ಹೇಳಿದ:

"ಅಷ್ಟೊತ್ತು ಹೊರಗೆ ನಿಂತ್ಕೊಂಡು ಏನ್ ಮಾಡ್ತಾ ಇದ್ರೀ ಗೌಡ್ರೇ?"

ಉಸಿರು ಕಟ್ಟಿ ತಲೆಗೆ ಏರಿದೆ, ಏನೋ ಬಡಬಡಿಸುತ್ತಿದ್ದಾನೆ ಎಂದುಕೊಂಡೆ. ಅಲ್ಲಿದ್ದವರೂ ಹಾಗೆಯೇ ತಿಳಿದರು.

ಕೋಲಾರದ ಆಸ್ಪತ್ರೆಯಲ್ಲಿ ಅವನನ್ನು ಬಹಳ ದಿನ ಇಟ್ಟುಕೊಂಡರು. ಪಕ್ಕೆಲುಬು ಮುರಿದಿದ್ದವು, ಬಲಗೈ ಎರಡು ಕಡೆ ಮುರಿದಿತ್ತು. ಮಾತಾಡುವಷ್ಟು ಚೇತರಿಸಿಕೊಂಡ ಮೇಲೆ ಒಂದು ಮಧ್ಯಾಹ್ನ ಸೆಲ್ವಿ ಕ್ಯಾಂಟೀನಿಗೆ ಹೋಗಿದ್ದಾಗ ನಾನೊಬ್ಬನೇ ಅವನ ಪಕ್ಕ ಕೂತಿದ್ದೆ. ಏಟಿನ ವಿಷಯ ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಹೇಗೆ ಬಂದೆ ಎಂದು ಕೇಳಿದವರಿಗೆಲ್ಲ ಫೋನು ಎತ್ತಲಿಲ್ಲ, ಅದಕ್ಕೆ ಬಂದೆ ಎಂದಿದ್ದೆ. ಅದು ಸುಳ್ಳೂ ಅಲ್ಲ. ಕೊನೆಗೆ ತಡೆಯಲಾಗದೆ ಕೇಳಿದೆ. "ಅವತ್ತು ಕಾರ್ ಬಿದ್ಮೇಲೆ ನೀನು ತಟ್ಟಿದ್ದೇನ್ಲಾ? ಮೂರ್ ಏಟು?"

ಅವನು ಪಟ್ಟಿ ಕಟ್ಟಿದ ಕೈಯನ್ನು ನೋಡಿಕೊಂಡ. "ಯಾವ್ ಕೈಯಲ್ಲಿ ತಟ್ಲಿ? ಇದು ಮುರಿದು ಕಾರ್ ಕೆಳಗಿತ್ತು. ಎಡಗೈ ನನ್ನ ಬೆನ್ನಿನ ಕೆಳಗೆ ಸಿಕ್ಕಾಕೊಂಡಿತ್ತು. ಕೂಗೋಕೂ ಉಸಿರಿರ್ಲಿಲ್ಲ." ನನ್ನ ಕಡೆ ತಿರುಗಿ, "ತಟ್ಟಿದ್ದು ನೀವು" ಎಂದ.

ನಾನು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡೆ.

"ಮರ ಸದ್ದೇ ಮಾಡ್ಲಿಲ್ಲ ಗೌಡ್ರೇ. ಒಂದೇ ಸಲ ಬಿತ್ತು. ಎಷ್ಟೊತ್ತಾಯ್ತೋ ಗೊತ್ತಿಲ್ಲ. ಕಣ್ಣು ಮಂಜಾಗ್ತಾ ಬಂತು. ನಿದ್ದೆ ಬರೋ ಥರ ಸುಖವಾಗಿತ್ತು, ನಿಜವಾಗ್ಲೂ. ಸರಿ ಮಲಗ್ಬಿಡೋಣ ಅಂತಿದ್ದೆ. ಆವಾಗ ನನ್ ತಲೆ ಮೇಲೆ ಮಡ್ಗಾರ್ಡ್ ಮೇಲೆ ಮೂರು ತಟ್ಟಿದ್ರಿ. ಮೂರನೇದು ಲೇಟಾಗಿ ಬಿತ್ತು. ಅದು ನಿಮ್ದೇ, ಇನ್ಯಾರ್ದೂ ಅಲ್ಲ. ಗೌಡ್ರು ಬಂದವ್ರೆ, ಈಗ ಎತ್ತುತಾರೆ ಅಂತ ಕಷ್ಟಪಟ್ಟು ಉಸಿರಾಡ್ದೆ. ನೀವು ನೋಡುದ್ರೆ ಎತ್ತೋದೇ ಇಲ್ಲ. ಮನಸ್ಸಲ್ಲೇ ನಿಮ್ಮನ್ನ ಎಷ್ಟ್ ಬಯ್ದೆ ಅಂತ ಆ ದೇವ್ರಿಗೇ ಗೊತ್ತು. ಬಯ್ಕೊಂಡೇ ಎಚ್ಚರವಾಗಿದ್ದೆ."

ನಾನು ಆಗ ಬಂಗಾರಪೇಟೆಯಲ್ಲಿ ನಮ್ಮ ಶೆಡ್ಡಿನಲ್ಲಿದ್ದೆ ಎಂದು ಹೇಳಿದೆ. ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಅವನ ಮುಖದಲ್ಲಿದ್ದ ನಗು ನಿಧಾನವಾಗಿ ಇಳಿಯಿತು. "ತಮಾಷೆ ಮಾಡ್ಬೇಡ್ರಿ ಗೌಡ್ರೇ, ಪಕ್ಕೆ ನೋಯ್ತದೆ" ಎಂದ. ಆಮೇಲೆ, ನನಗೆ ಕೇಳಿಸಿದ ಏಟು ಹೇಗಿತ್ತು, ತಟ್ಟಿ ತೋರಿಸಿ ಎಂದ. ಮಂಚದ ಕಬ್ಬಿಣಕ್ಕೆ ಚಮಚದಿಂದ ತಟ್ಟಿ ತೋರಿಸಿದೆ. ನಿಧಾನವಾಗಿ, ಭಾರವಾಗಿ, ಸಮನಾಗಿ.

ಅವನು ಕಣ್ಣು ಮುಚ್ಚಿ ಕೇಳಿದ. ನನ್ನ ಮನಸ್ಸಿನಲ್ಲಿದ್ದದ್ದನ್ನು ಕೇಳಿಬಿಟ್ಟೆ. "ನಿಮ್ಮಪ್ಪಂದಾ?"

"ಅಪ್ಪ ಇಂಗ್ ತಟ್ತಿರ್ಲಿಲ್ಲ. ಅಪ್ಪಂದು ನನ್ ಥರಾನೇ, ಫಾಸ್ಟು." ಕಣ್ಣು ಬಿಡದೆ ತಲೆಯಾಡಿಸಿದ. "ಇದು ನನಗೆ ಗೊತ್ತಿರೋರ್ ಯಾರ್ದೂ ಅಲ್ಲ."

ಅಷ್ಟರಲ್ಲಿ ಸೆಲ್ವಿ ಬಂದಳು, ನಾನು ಚಮಚವನ್ನು ಲೋಟದಲ್ಲಿಟ್ಟೆ.

ಕಾರಣ ಹುಡುಕುವುದು ನನ್ನ ಕಸುಬು ಎಂದು ಹೇಳಿದೆನಲ್ಲ, ಹುಡುಕದೆ ಬಿಟ್ಟಿಲ್ಲ. ಮುಚ್ಚಿದ ಗಣಿಗಳೊಳಗೆ ನೀರು ತುಂಬಿ ಬಂಡೆ ಸಿಡಿದು ಆ ಭಾಗದ ನೆಲ ಆಗಾಗ ಅದುರುವುದುಂಟು. ಹಾಗೆ ಅದುರಿ ಅವನ ಕಾರೂ ಬಿದ್ದು, ನನ್ನ ಕಾರಿಗೂ ಸದ್ದು ಬಂದಿರಬಹುದೇ ಎಂದು ಲೈನಿನ ಮನೆಮನೆಯಲ್ಲಿ ಕೇಳಿದೆ. ಆವತ್ತು ಯಾರಿಗೂ ಅದುರಿದ್ದು ಗೊತ್ತಾಗಿರಲಿಲ್ಲ. ಅದುರುವ ನೆಲ ಮೂರು ಎಣಿಸಿ ನಿಲ್ಲುವುದಿಲ್ಲ, ಬಿಡುವು ಕೊಟ್ಟು ಮತ್ತೆ ಮೂರು ಎಣಿಸುವುದೂ ಇಲ್ಲ. ದುರೈಯ ಹಿತ್ತಲಿಗೆ ಯಾರಾದರೂ ಬಂದು ತಟ್ಟಿ ಹೋದರೇ ಎಂದು ವಿಚಾರಿಸಿದೆ. ಕಾರಿನಡಿ ಸಿಕ್ಕಿದವನನ್ನು ಕಂಡು, ಮಡ್ಗಾರ್ಡ್ ತಟ್ಟಿ, ಸುಮ್ಮನೆ ಹೊರಟುಹೋಗುವವರು ಯಾರಿದ್ದಾರೆ? ಸರೋಜಳನ್ನೂ ಕೇಳಿದೆ. ಅವಳಿಗೆ ಹುಲ್ಲು ಕತ್ತರಿಸುವಲ್ಲಿಗೆ ಒಂದೇ ಸಲ ಸದ್ದು ಕೇಳಿಸಿತ್ತಂತೆ. "ನೀವ್ ತಟ್ಟಿದ್ದು ಕೇಳುಸ್ತು. ನಿಮ್ದು ಗೊತ್ತಾಗಲ್ವಾ, ಕೊನೇದು ಕುಂಟ್ತದಲ್ಲ. ಇನ್ನೇನೂ ಕೇಳುಸ್ಲಿಲ್ಲ" ಎಂದಳು. ಅವಳು ಸುಳ್ಳು ಹೇಳುವವಳಲ್ಲ. ರಟ್ಟಿನ ಮೇಲೆ ಬಿದ್ದ ಮಣ್ಣಿನ ಪುಡಿಯನ್ನು ಅವಳಿಗೆ ತೋರಿಸಿದೆ. ಚಕ್ರ ಹಾಕುವಾಗ ಉದುರಿರುತ್ತದೆ ಎಂದಳು. ಇರಬಹುದು ಎನ್ನಲು ನನಗೂ ಆಸೆ. ಆದರೆ ನಾನು ನೋಡುತ್ತಿದ್ದೆ.

ಹಾಗಾಗಿ ನನ್ನ ಹತ್ತಿರ ಎರಡು ಸಂಗತಿಗಳು ಉಳಿದಿವೆ. ನನಗೆ ಕೇಳಿಸಿದ್ದನ್ನು ದುರೈ ತಟ್ಟಿರಲಿಲ್ಲ. ದುರೈಗೆ ಕೇಳಿಸಿದ್ದನ್ನು ನಾನು ತಟ್ಟಿದ್ದೆ, ಆದರೆ ಅವನ ಕಾರಿಗಲ್ಲ, ಮೈಲುಗಟ್ಟಲೆ ದೂರ ಬಂಗಾರಪೇಟೆಯಲ್ಲಿ ನಿಂತಿದ್ದ ನನ್ನ ಕಾರಿಗೆ. ಒಂದು ಇನ್ನೊಂದಕ್ಕೆ ಹೊಂದುವುದಿಲ್ಲ. ಯಾವ ಕಡೆಯಿಂದ ಜೋಡಿಸಲು ಹೋದರೂ ನಡುವೆ ಯಾರೋ ಒಬ್ಬರು ಬೇಕಾಗುತ್ತಾರೆ, ಆ ಒಬ್ಬರು ಯಾರೆಂದು ನನಗೆ ತಿಳಿಯದು.

ದುರೈ ಬದುಕಿದ. ಬಲಗೈ ಪೂರ್ತಿ ಮಡಚುವುದಿಲ್ಲ, ವೆಲ್ಡಿಂಗ್ ಬಿಟ್ಟು ಕಾರ್ಖಾನೆಯ ಸ್ಟೋರಿಗೆ ಬಂದಿದ್ದಾನೆ. ಪದ್ಮಿನಿಯನ್ನು ಮಾರುತ್ತಾನೆ ಎಂದು ಸೆಲ್ವಿ ಕಾದಳು, ಮಾರಲಿಲ್ಲ. ದಿಮ್ಮಿಗಳನ್ನೆಲ್ಲ ಒಲೆಗೆ ಕೊಟ್ಟು ಕಬ್ಬಿಣದ ಸ್ಟ್ಯಾಂಡ್ ತಂದ. ಮೈಯಲ್ಲಿ ಬಲ ಬಂದ ಮೇಲೆ ಒಂದು ಭಾನುವಾರ ನಮ್ಮ ಶೆಡ್ಡಿಗೆ ಬಂದು, ಅಂಬಾಸಿಡರಿನ ಗೇರ್ ಬಾಕ್ಸಿನ ಆಯಿಲ್ ನೋಡುತ್ತೇನೆಂದು ಹಠ ಹಿಡಿದು ಕೆಳಗೆ ಹೋದ. ಹೋಗುವಾಗ ಮೊದಲಿನಂತೆ ಟಕಟಕ ಎಂದು ಮೂರು ಏಟು ತಟ್ಟಿದ.

ನಾನು ಮಡ್ಗಾರ್ಡಿನ ಪಕ್ಕ ಸ್ಪ್ಯಾನರ್ ಹಿಡಿದು ನಿಂತಿದ್ದೆ. ಕೈ ಎತ್ತಿದೆ. ತಟ್ಟಲಾಗಲಿಲ್ಲ.

"ಗೌಡ್ರೇ? ಇದೀರೇನ್ರೀ?" ಎಂದು ಕೆಳಗಿನಿಂದ ಕೂಗಿದ.

"ಇದೀನಿ ಕಣ್ಲಾ, ಇಲ್ಲೇ ಇದೀನಿ" ಎಂದು ಬಾಯಲ್ಲೇ ಹೇಳಿದೆ. ಬಗ್ಗಿ ಅವನ ಕಾಲು ಹಿಡಿದುಕೊಂಡು, ಅವನು ಹೊರಗೆ ಬರುವವರೆಗೆ ಹಾಗೆಯೇ ಕೂತಿದ್ದೆ.

ಅಂದಿನಿಂದ ನಾನು ಯಾವ ಕಾರಿಗೂ ತಟ್ಟಿ ಉತ್ತರ ಕೊಟ್ಟಿಲ್ಲ, ಬಾಯಲ್ಲೇ ಹೇಳುತ್ತೇನೆ. ದುರೈ ಏಕೆಂದು ಕೇಳಿಲ್ಲ. ಕೇಳಿದರೆ ಹೇಳುವುದು ಇಷ್ಟೇ: ನಾನು ಇಲ್ಲಿ ತಟ್ಟಿದ್ದು ಇನ್ನೆಲ್ಲಿ, ಯಾರ ತಲೆಯ ಮೇಲೆ ಕೇಳಿಸುತ್ತದೋ ನನಗೆ ಗೊತ್ತಿಲ್ಲ. ನಾನು ಬಂದಿದ್ದೇನೆಂದು ಆ ಮನುಷ್ಯ ಉಸಿರು ಹಿಡಿದು ಕಾಯುತ್ತಾ ಇರುತ್ತಾನೆ. ಎಲ್ಲಿಗೆ ಹೋಗಬೇಕೆಂದು ನನಗೆ ತಿಳಿದಿರುವುದಿಲ್ಲ.